ಕೆರೆ ಬಲಗಡೆ ಇರಲಿ: ತುಮಕೂರಿನ ಹತ್ತಿರ ಹೊಸಬರಿಗೊಂದು ಡಿಸ್ಕ್ ಗಾಲ್ಫ್ ಹಾದಿ

ಪಿಟಿ ಮೇಷ್ಟ್ರು, ಕ್ಯಾತ್ಸಂದ್ರ | ಭಾನುವಾರ, ಬೆಳಿಗ್ಗೆ 11:10

ಡಿಸ್ಕ್ ಗಾಲ್ಫ್ ನಮ್ಮ ಕಡೆ ಆಡೋಕಾಗುತ್ತಾ ಅಂತ ಎರಡು ತಿಂಗಳ ಹಿಂದೆ ಇಲ್ಲಿ ಒಬ್ಬರು ಕೇಳಿದ್ದರು. ಆಡಿ ನೋಡಿಯೇ ಹೇಳೋಣ ಅಂತ ಸುಮ್ಮನಿದ್ದೆ. ಇವತ್ತಿಗೆ ಆರು ಭಾನುವಾರ ಆಯಿತು. ಆಗುತ್ತೆ, ಚೆನ್ನಾಗಿಯೇ ಆಗುತ್ತೆ. ಆದರೆ ಕೆರೆ ಪಕ್ಕ ಆಡುವವರು ಒಂದು ವಿಷಯ ಮೊದಲೇ ತಿಳಿದಿರಬೇಕು. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಆಟ ಗೊತ್ತಿಲ್ಲದವರಿಗೆ: ಗಾಲ್ಫ್‌ನಲ್ಲಿ ಕೋಲು, ಚೆಂಡು, ಗುಳಿ. ಇಲ್ಲಿ ಕೈಯಿಂದ ಎಸೆಯುವ ಡಿಸ್ಕು, ಗುಳಿಯ ಬದಲು ಸರಪಳಿ ಇಳಿಬಿಟ್ಟ ಬುಟ್ಟಿ. ಶುರುವಿನ ಗೆರೆಯ ಹಿಂದೆ ನಿಂತು ಎಸೆಯಬೇಕು. ಡಿಸ್ಕ್ ಎಲ್ಲಿ ಬಿತ್ತೋ ಅಲ್ಲಿಂದಲೇ ಮುಂದಿನ ಎಸೆತ. ಬುಟ್ಟಿಗೆ ಬೀಳುವವರೆಗೆ ಎಷ್ಟು ಎಸೆತ ಆಯಿತೋ ಅಷ್ಟು ಲೆಕ್ಕ. ಒಂಬತ್ತು ಬುಟ್ಟಿ ಮುಗಿದ ಮೇಲೆ ಯಾರ ಲೆಕ್ಕ ಕಡಿಮೆಯೋ ಅವರು ಗೆದ್ದರು. ಬುಟ್ಟಿಗೆ ದೂರ ಇರುವವರು ಮೊದಲು ಎಸೆಯುತ್ತಾರೆ, ಉಳಿದವರು ಅವರ ಹಿಂದೆ ನಿಂತಿರುತ್ತಾರೆ. ಹತ್ತು ಮೀಟರ್ ಒಳಗಿಂದ ಎಸೆಯುವಾಗ ಮಾತ್ರ, ಕೈಬಿಟ್ಟ ಮೇಲೂ ಕಾಲು ಮುಂದಕ್ಕೆ ಹೋಗದೆ ನೆಟ್ಟಗೆ ನಿಲ್ಲಬೇಕು. ಮೊದಲ ದಿನಕ್ಕೆ ಇಷ್ಟು ಗೊತ್ತಿದ್ದರೆ ಸಾಕು.

ನಾವು ಆಡುವುದು ನಮ್ಮ ಹಳ್ಳಿ ಕೆರೆಯ ಪಕ್ಕ ಪಂಚಾಯಿತಿಯವರು ಮಾಡಿರುವ ಸಣ್ಣ ಪಾರ್ಕು, ಅದಕ್ಕೆ ಹೊಂದಿಕೊಂಡಿರುವ ಹೊಂಗೆ ತೋಪು, ಇವೆರಡರಲ್ಲಿ. ಅಧ್ಯಕ್ಷರನ್ನು ಕಂಡು ಬಾಯಿಮಾತಿನಲ್ಲಿ ಒಪ್ಪಿಗೆ ಪಡೆದೆವು. ನೆಲಕ್ಕೆ ಸಿಮೆಂಟ್ ಹಾಕುವುದಿಲ್ಲ, ಮರಕ್ಕೆ ಮೊಳೆ ಹೊಡೆಯುವುದಿಲ್ಲ, ಆಟ ಮುಗಿದ ಮೇಲೆ ಎಲ್ಲವನ್ನೂ ಎತ್ತಿಕೊಂಡು ಹೋಗುತ್ತೇವೆ ಅಂತ ಮಾತು ಕೊಟ್ಟಿದ್ದೇವೆ.

ಬುಟ್ಟಿ ನಾವೇ ಮಾಡಿದ್ದು. ಟೈರಿನಲ್ಲಿ ಕಾಂಕ್ರೀಟ್ ತುಂಬಿ ಕಬ್ಬಿಣದ ಪೈಪು ನಿಲ್ಲಿಸಿ, ಪೈಪಿನ ತಲೆಗೆ ಹಳೇ ಸೈಕಲ್ ರಿಮ್ಮು ಕೂರಿಸಿ, ರಿಮ್ಮಿನಿಂದ ಸುತ್ತಲೂ ಸರಪಳಿ ಇಳಿಬಿಟ್ಟು, ಕೆಳಗೆ ಅಗಲ ಬಾಯಿಯ ಮಂಕರಿ ಕಟ್ಟಿದೆವು. ಮಂಕರಿಯ ಅಂಚು ನೆಲದಿಂದ ಸುಮಾರು 82 ಸೆಂಟಿಮೀಟರ್ ಎತ್ತರ, ಅಂತರರಾಷ್ಟ್ರೀಯ ಅಳತೆಯೂ ಹೆಚ್ಚುಕಡಿಮೆ ಅಷ್ಟೇ. ಇಂಥವು ಮೂರು ಇವೆ. ಉಳಿದ ಆರು ಕಡೆ ಮರದ ಬೊಡ್ಡೆಗೆ ಕೆಂಪು ಬಟ್ಟೆ ಸುತ್ತಿದ್ದೇವೆ. ಬಟ್ಟೆಗೆ ತಗುಲಿದರೆ ಬುಟ್ಟಿಗೆ ಬಿದ್ದಂತೆ. ಅತಿ ಹತ್ತಿರದ ಗುರಿ 35 ಮೀಟರ್, ಅತಿ ದೂರದ್ದು 70.

ಈಗ ಮುಖ್ಯ ವಿಷಯ. ಮೊದಲ ಭಾನುವಾರ ನಾವು ಕೋಡಿ ಕಡೆಯಿಂದ ಶುರು ಮಾಡಿ ತೂಬಿನ ಕಡೆಗೆ ಆಡಿದೆವು. ಕೆರೆ ಎಡಗಡೆಗಿತ್ತು. ಮೂರನೇ ಬುಟ್ಟಿ ಮುಗಿಯುವ ಹೊತ್ತಿಗೆ ಎರಡು ಡಿಸ್ಕ್ ನೀರು ಪಾಲಾಗಿತ್ತು. ನೇರ ಎಸೆದರೂ ಕೊನೆಯಲ್ಲಿ ಎಡಕ್ಕೇ ಎಳೆಯುತ್ತಿತ್ತು. ಮುಂದಿನ ವಾರ ಇಡೀ ಹಾದಿಯನ್ನು ತಿರುಗಿಸಿದೆವು: ತೂಬಿನಿಂದ ಕೋಡಿಗೆ, ಕೆರೆ ಬಲಗಡೆ. ಅಂದಿನಿಂದ ಐದು ವಾರ, ನೀರಿಗೆ ಬಿದ್ದದ್ದು ಒಂದೇ ಒಂದು. ದೇವಸ್ಥಾನದಲ್ಲಿ ದೇವರನ್ನು ಬಲಕ್ಕಿಟ್ಟುಕೊಂಡು ಸುತ್ತುತ್ತೇವಲ್ಲ, ಹಾಗೇ ಕೆರೆಗೂ ಪ್ರದಕ್ಷಿಣೆ ಹಾಕಿ. ಹೊಸಬರ ಹಾದಿಗೆ ಇದಕ್ಕಿಂತ ದೊಡ್ಡ ನಿಯಮ ನನಗೆ ಕಂಡಿಲ್ಲ.

ಶಿರಾಗೇಟ್ ಹುಡುಗ | ಭಾನುವಾರ, 11:42

ಮೇಷ್ಟ್ರೇ, ಎಡಕ್ಕೇ ಯಾಕೆ ಎಳೆಯುತ್ತೆ? ಎಸೆಯುವವರ ಕೈ ಸೊಟ್ಟ ಇದ್ದರೆ ಬಲಕ್ಕೂ ಹೋಗಬೇಕಲ್ವಾ?

ಬುಗುರಿ | ಭಾನುವಾರ, ಮಧ್ಯಾಹ್ನ 12:30

ಮೇಷ್ಟ್ರ ಪರವಾಗಿ ನಾನು ಹೇಳುತ್ತೇನೆ, ಪಾಲಿಟೆಕ್ನಿಕ್‌ನಲ್ಲಿ ಮೆಕ್ಯಾನಿಕಲ್ ಪಾಠ ಮಾಡಿದವನು.

ಬಲಗೈಯವರು ಎದೆಯ ಮುಂದಿನಿಂದ ಹೊರಕ್ಕೆ ಬೀಸಿ ಎಸೆದಾಗ, ಅಂದರೆ ಬ್ಯಾಕ್‌ಹ್ಯಾಂಡ್‌ನಲ್ಲಿ, ಡಿಸ್ಕ್ ಮೇಲಿನಿಂದ ನೋಡಿದರೆ ಗಡಿಯಾರದ ಮುಳ್ಳಿನಂತೆ ತಿರುಗುತ್ತದೆ. ತಿರುಗುವ ವಸ್ತುವನ್ನು ಒಂದು ಕಡೆಯಿಂದ ತಳ್ಳಿದರೆ ಅದು ಆ ಕಡೆಗೇ ವಾಲುವುದಿಲ್ಲ, ಕಾಲು ಸುತ್ತು ಮುಂದೆ ಹೋಗಿ ವಾಲುತ್ತದೆ. ಬುಗುರಿ ಆಡಿದವರೆಲ್ಲ ಇದನ್ನು ಕಣ್ಣಾರೆ ಕಂಡಿದ್ದೀರಿ. ವೇಗ ಇಳಿದಾಗ ಬುಗುರಿ ದೊಪ್ಪನೆ ಬೀಳದೆ ಓಲಾಡುತ್ತಾ ಸುತ್ತು ಹಾಕುತ್ತದಲ್ಲ, ಅದಕ್ಕೆ ಕಾರಣ ಇದೇ ಗುಣ.

ಡಿಸ್ಕ್ ನಿಧಾನವಾದಾಗ ಗಾಳಿ ಅದನ್ನು ಎತ್ತಿ ಹಿಡಿಯುವ ಜಾಗ ನಡುವಿನಿಂದ ಮುಂಭಾಗಕ್ಕೆ ಸರಿದಿರುತ್ತದೆ. ಆಗ ಮೂಗು, ಅಂದರೆ ಮುಂದಿನ ಅಂಚು, ಮೇಲೇಳಬೇಕು. ಆದರೆ ತಿರುಗುತ್ತಿರುವುದರಿಂದ ಮೂಗು ಏಳುವ ಬದಲು ಎಡ ಅಂಚು ಕೆಳಕ್ಕೆ ವಾಲುತ್ತದೆ, ಡಿಸ್ಕ್ ಎಡಕ್ಕೆ ಜಾರುತ್ತದೆ. ಬಹಳ ವೇಗದಲ್ಲಿ ಹೋಗುವಾಗ ಇದು ಉಲ್ಟಾ, ಆಗ ಬಲಕ್ಕೆ ತಿರುಗುತ್ತದೆ. ಪಳಗಿದ ಆಟಗಾರರ ಎಸೆತ ಮೊದಲು ಬಲಕ್ಕೆ, ಕೊನೆಗೆ ಎಡಕ್ಕೆ ಎಂದು ಎಸ್ ಆಕಾರದಲ್ಲಿ ಸಾಗುವುದು ಹೀಗೆ. ಹೊಸಬರ ಕೈಯಲ್ಲಿ ಆ ವೇಗ ಇರುವುದಿಲ್ಲ. ಹಾಗಾಗಿ ಬಲಕ್ಕೆ ತಿರುಗುವ ಹಂತ ಬರುವುದೇ ಇಲ್ಲ, ಎಡಕ್ಕೆ ಜಾರುವುದಷ್ಟೇ ಉಳಿಯುತ್ತದೆ. ಕೈ ಸೊಟ್ಟಗಿಲ್ಲ ತಮ್ಮಾ, ವೇಗ ಸಾಲದು ಅಷ್ಟೇ.

ಹಾಗಾಗಿ ಮೇಷ್ಟ್ರು ಹೇಳಿದ ಪ್ರದಕ್ಷಿಣೆ ನಿಯಮ ಬಲಗೈ ಬ್ಯಾಕ್‌ಹ್ಯಾಂಡ್‌ನವರಿಗೆ ನೂರಕ್ಕೆ ನೂರು ಸರಿ.

ಬಿ.ಎಚ್. ರಸ್ತೆ ಅಕ್ಕ | ಭಾನುವಾರ, 1:15

ನನಗೆ 58. ಬೆಳಿಗ್ಗೆ ಅಮಾನಿಕೆರೆ ಸುತ್ತ ವಾಕಿಂಗ್ ಮಾಡುತ್ತೇನೆ, ಮೊಣಕಾಲು ಪರವಾಗಿಲ್ಲ. ಬಲ ಭುಜ ಎರಡು ವರ್ಷದ ಹಿಂದೆ ಹಿಡಿದುಕೊಂಡಿತ್ತು, ಈಗ ಸುಮಾರಾಗಿ ಸರಿಹೋಗಿದೆ. ಶಾಲೆಯಲ್ಲಿ ಟೆನಿಕಾಯ್ಟ್ ಆಡುತ್ತಿದ್ದೆ, ತಾಲ್ಲೂಕು ಮಟ್ಟದವರೆಗೆ ಹೋಗಿದ್ದೆ. ನನ್ನಂಥವರು ಇದನ್ನು ಆಡಬಹುದೇ? ಯಾವ ಡಿಸ್ಕ್ ತರಿಸಬೇಕು? ಅಂತರ್ಜಾಲದಲ್ಲಿ ನೋಡಿದರೆ ಒಂದೊಂದರ ಮೇಲೂ ನಾಲ್ಕು ನಾಲ್ಕು ಅಂಕಿ ಬರೆದಿದ್ದಾರೆ, ತಲೆಬುಡ ತಿಳಿಯಲಿಲ್ಲ.

ಪಿಟಿ ಮೇಷ್ಟ್ರು, ಕ್ಯಾತ್ಸಂದ್ರ | ಭಾನುವಾರ, 2:05

ಅಕ್ಕಾ, ಖಂಡಿತ ಆಡಬಹುದು. ಟೆನಿಕಾಯ್ಟ್ ಆಡಿದ ಕೈ ಅಂದರೆ ಅರ್ಧ ದಾರಿ ಬಂದಂತೆಯೇ. ರಿಂಗನ್ನು ಮಣಿಕಟ್ಟಿನಿಂದ ಚಿಮ್ಮಿಸಿ ಓಲಾಡದ ಹಾಗೆ ಕಳಿಸುತ್ತಿದ್ದಿರಲ್ಲ, ಬುಟ್ಟಿ ಹತ್ತಿರದ ಎಸೆತಕ್ಕೆ ಬೇಕಾದದ್ದು ಅದೇ. ನಮ್ಮ ಗುಂಪಿನಲ್ಲಿ ಕ್ರಿಕೆಟ್ ಆಡಿ ಬಂದ ಹುಡುಗರಿಗಿಂತ ರಿಂಗ್ ಆಡಿದ ಹೆಣ್ಣುಮಕ್ಕಳು ಬೇಗ ಕಲಿತರು. ಕ್ರಿಕೆಟ್‌ನವರು ಭುಜದಿಂದ ಬಲ ಹಾಕಲು ಹೋಗುತ್ತಾರೆ, ಡಿಸ್ಕ್ ಓಲಾಡಿ ಬೀಳುತ್ತದೆ.

ಭುಜದ ವಿಷಯ: ಓಡಿ ಬಂದು ಎಸೆಯಬೇಡಿ. ನಿಂತಲ್ಲೇ ನಿಂತು, ಬಲ ಭುಜ ಬುಟ್ಟಿಯ ಕಡೆ ಮಾಡಿ, ಸೊಂಟ ತಿರುಗಿಸಿ ಬೀಸಿ. ತೋಳು ಬರೀ ಹಗ್ಗದ ಹಾಗೆ ಹಿಂಬಾಲಿಸಲಿ. ಡಾಕ್ಟರನ್ನು ಒಮ್ಮೆ ಕೇಳಿ. ಮೊದಲ ತಿಂಗಳು ಹತ್ತು ಹದಿನೈದು ಮೀಟರ್ ಒಳಗೇ ಅಭ್ಯಾಸ ಮಾಡಿ. ಸ್ಕೋರು ಇಳಿಯುವುದು ಅಲ್ಲೇ.

ನಾಲ್ಕು ಅಂಕಿ ಹೀಗೆ. ಮೊದಲನೆಯದು ವೇಗ: ಆ ಡಿಸ್ಕ್ ಸರಿಯಾಗಿ ಹಾರಬೇಕಾದರೆ ಎಷ್ಟು ಜೋರಾಗಿ ಎಸೆಯಬೇಕು ಅನ್ನುವುದು. ಎರಡನೆಯದು ತೇಲುವ ಗುಣ. ಮೂರನೆಯದು ವೇಗದಲ್ಲಿರುವಾಗ ಎಷ್ಟು ಬಲಕ್ಕೆ ತಿರುಗುತ್ತದೆ, ನಾಲ್ಕನೆಯದು ಕೊನೆಯಲ್ಲಿ ಎಷ್ಟು ಎಡಕ್ಕೆ ಜಾರುತ್ತದೆ. ಅಂಗಡಿಯವರು 11, 12 ವೇಗದ ಡ್ರೈವರ್ (ದೂರದ ಎಸೆತದ ಡಿಸ್ಕ್) ತೋರಿಸಿ ದೂರ ಹೋಗುತ್ತೆ ಅನ್ನುತ್ತಾರೆ. ನಮಗೆ ಅದು ಬೇಡ. ಆ ವೇಗ ಕೊಡಲಾಗದ ಕೈಯಲ್ಲಿ ಅದು ಮೂವತ್ತು ಮೀಟರಿಗೇ ಎಡಕ್ಕೆ ಧುಮುಕುತ್ತದೆ. ವೇಗ 2 ಅಥವಾ 3 ಇರುವ ಒಂದು ಪಟ್ಟರ್ (ಹತ್ತಿರದ ಎಸೆತದ್ದು), ವೇಗ 5 ಇದ್ದು ಕೊನೆಯ ಅಂಕಿ 0 ಅಥವಾ 1 ಇರುವ ಒಂದು ಮಿಡ್‌ರೇಂಜ್ (ನಡುದೂರದ್ದು), ಎರಡೇ ಸಾಕು. ತೂಕ 150ರಿಂದ 165 ಗ್ರಾಂ ಒಳಗಿರಲಿ. ನಿಜ ಹೇಳಬೇಕೆಂದರೆ ಒಂದು ಪಟ್ಟರ್‌ನಲ್ಲೇ ಒಂಬತ್ತೂ ಬುಟ್ಟಿ ಆಡಬಹುದು. ನಾನು ಈಗಲೂ ಹಾಗೇ ಆಡುತ್ತೇನೆ.

ಶಿರಾಗೇಟ್ ಹುಡುಗ | ಭಾನುವಾರ, 2:20

ಮನೆಯಲ್ಲಿರೋ ಸ್ಟೀಲ್ ತಟ್ಟೆ, ಪೇಂಟ್ ಡಬ್ಬದ ಮುಚ್ಚಳ ಇಂಥದ್ದರಲ್ಲಿ ಕಲಿಯಬಹುದಾ ಸರ್? ಡಿಸ್ಕ್ ಬರೋವರೆಗೆ.

ಪಿಟಿ ಮೇಷ್ಟ್ರು, ಕ್ಯಾತ್ಸಂದ್ರ | ಭಾನುವಾರ, 2:26

ಸ್ಟೀಲ್ ತಟ್ಟೆ ಬೇಡವೇ ಬೇಡ, ಯಾರ ಮುಖಕ್ಕಾದರೂ ಬಿದ್ದರೆ ಹೊಲಿಗೆ ಹಾಕಿಸಬೇಕಾಗುತ್ತದೆ. ಬೆಂಗಳೂರಿನಲ್ಲಿ ಅಲ್ಟಿಮೇಟ್ ಅನ್ನುವ ಫ್ರಿಸ್ಬೀ ತಂಡದಾಟ ಆಡುವವರು ಬಳಸುವ 175 ಗ್ರಾಂ ಫ್ರಿಸ್ಬೀ ಸಿಕ್ಕರೆ ಅದರಲ್ಲೇ ಶುರು ಮಾಡು. ದೂರ ಹೋಗಲ್ಲ, ಆದರೆ ನೆಟ್ಟಗೆ ಹೋಗುತ್ತೆ.

ಮಿನ್ನೆಸೋಟಾದ ತುರುವೇಕೆರೆ | ಭಾನುವಾರ, ಸಂಜೆ 6:48

ಊರಿನವರು ಇದನ್ನು ಆಡುತ್ತಿರುವುದು ಓದಿ ಬಹಳ ಖುಷಿಯಾಯಿತು. ನಾನು ಇಲ್ಲಿಗೆ ಬಂದು ಹದಿನಾಲ್ಕು ವರ್ಷ. ಅಮೆರಿಕದ ಈ ರಾಜ್ಯದ ಕಾರುಗಳ ನಂಬರ್ ಪ್ಲೇಟಿನ ಮೇಲೇ 10,000 ಕೆರೆಗಳ ನಾಡು ಅಂತ ಬರೆದಿರುತ್ತದೆ. ಬಂದ ಹೊಸದರಲ್ಲಿ ಅದನ್ನು ಓದಿದಾಗಲೆಲ್ಲ ನಮ್ಮೂರ ಕೆರೆ ಏರಿ ನೆನಪಾಗುತ್ತಿತ್ತು.

ನಾನು ಕಲಿತದ್ದು ಮನೆ ಹತ್ತಿರದ ಒಂದು ಕೆರೆ ಪಾರ್ಕಿನಲ್ಲಿ. ಹೊಸಬರಿಗೆಂದೇ ಮಾಡಿದ ಒಂಬತ್ತು ಬುಟ್ಟಿ, ಟಿಕೆಟ್ ಇಲ್ಲ, ಕಾವಲುಗಾರ ಇಲ್ಲ. ಬೆಳಿಗ್ಗೆ ಅಜ್ಜಂದಿರು, ಮಧ್ಯಾಹ್ನ ಕಾಲೇಜು ಹುಡುಗರು, ಸಂಜೆ ಮಕ್ಕಳ ಗಾಡಿ ತಳ್ಳಿಕೊಂಡು ಬರುವ ಅಪ್ಪಂದಿರು. ಪ್ರತಿ ಬುಟ್ಟಿಯ ಆರಂಭದಲ್ಲಿ ಒಂದು ಹಲಗೆ, ಅದರ ಮೇಲೆ ನಕ್ಷೆ, ದೂರ, ಮೂರು ಎಸೆತದಲ್ಲಿ ಮುಗಿಸುವ ನಿರೀಕ್ಷೆ ಅಂತ ಬರೆದಿರುತ್ತಿತ್ತು. ಆ ಹಲಗೆ ಚಿಕ್ಕ ವಿಷಯ ಅನ್ನಿಸಬಹುದು. ಆದರೆ ಯಾರನ್ನೂ ಕೇಳದೆ, ಒಬ್ಬಂಟಿಯಾಗಿ ಬಂದವನೂ ಆಡಿಕೊಂಡು ಹೋಗಲು ಸಾಧ್ಯವಾಗಿದ್ದು ಅದರಿಂದಲೇ. ಭಾಷೆ ಸರಿಯಾಗಿ ಬಾರದ, ಸ್ನೇಹಿತರಿಲ್ಲದ ಆ ಮೊದಲ ಬೇಸಿಗೆಯಲ್ಲಿ ನನಗೆ ಅದು ಎಷ್ಟು ದೊಡ್ಡದಾಗಿತ್ತು ಅಂತ ಹೇಳಲಾರೆ. ಮೇಷ್ಟ್ರೇ, ನಿಮ್ಮ ಒಂಬತ್ತು ಗುರಿಗೂ ಒಂದೊಂದು ರಟ್ಟಿನ ಹಲಗೆ ಮಾಡಿ, ಕನ್ನಡದಲ್ಲಿ ಬರೆದು ಇಡಿ.

ನೀರಿನ ಬಗ್ಗೆ ಒಂದು ಮಾತು. ಹೆಚ್ಚಿನ ಡಿಸ್ಕ್ ಮುಳುಗುತ್ತವೆ. ನಮ್ಮಲ್ಲಿ ನೀರಿಗೆ ಬಿದ್ದರೆ ಒಂದು ಎಸೆತದ ದಂಡ, ಅಂಚು ದಾಟಿದ ಜಾಗದಿಂದ ಒಂದು ಮೀಟರ್ ಒಳಕ್ಕೆ ಬಂದು ಮುಂದಿನ ಎಸೆತ. ಕೆಲವರು ಉದ್ದ ಕೋಲಿನ ಬಲೆ ಇಟ್ಟುಕೊಂಡು ಎತ್ತಿಕೊಳ್ಳುತ್ತಾರೆ. ನಾನೂ ಎಷ್ಟೋ ಸಲ ಮೊಣಕಾಲುದ್ದ ನೀರಿಗೆ ಇಳಿದು ಹುಡುಕಿದ್ದೇನೆ.

ಹೆಬ್ಬೂರು ತಾಯಿ | ಭಾನುವಾರ, ರಾತ್ರಿ 8:30

ಸರ್, ಕೊನೆಯ ಸಾಲಿಗೆ ಮಾತ್ರ ನನ್ನ ಆಕ್ಷೇಪ ಇದೆ. ತಪ್ಪು ತಿಳಿಯಬೇಡಿ.

ನಿಮ್ಮ ಕಡೆಯ ಕೆರೆಯ ಅಂಚು ಹೇಗಿದೆಯೋ ಗೊತ್ತಿಲ್ಲ. ನಮ್ಮ ಕೆರೆಗಳಲ್ಲಿ ಬೇಸಿಗೆಯಲ್ಲಿ ಅಂಗಳದ ಮಣ್ಣು ತೋಡುತ್ತಾರೆ, ಹೊಲಕ್ಕೆ, ಇಟ್ಟಿಗೆ ಗೂಡಿಗೆ. ಒಂದೊಂದು ಗುಂಡಿ ಎರಡಾಳು ಆಳ. ಮಳೆ ಬಂದು ಕೆರೆ ತುಂಬಿದ ಮೇಲೆ ಮೇಲಿನಿಂದ ಎಲ್ಲ ಒಂದೇ ಸಮ ಕಾಣುತ್ತದೆ. ಮೊಣಕಾಲುದ್ದ ಅಂತ ಇಟ್ಟ ಹೆಜ್ಜೆಯ ಪಕ್ಕದಲ್ಲೇ ಗುಂಡಿ ಇರುತ್ತದೆ. ಕೆಳಗೆ ಗೋಡು, ಕಾಲು ಹೂತರೆ ಮೇಲೆ ಬರುವುದಿಲ್ಲ. ನಮ್ಮ ಬೀದಿಯ ಒಬ್ಬ ಹುಡುಗ ಹೋಗಿದ್ದು ಹೀಗೆಯೇ, ನೀರಿಗೆ ಬಿದ್ದ ರಬ್ಬರ್ ಚೆಂಡು ತರಲು ಇಳಿದು. ಏಳನೇ ಕ್ಲಾಸು. ಅವರಮ್ಮ ಆಮೇಲೆ ಕೆರೆ ಏರಿ ಮೇಲೆ ನಡೆದದ್ದನ್ನು ನಾನು ನೋಡಿಲ್ಲ, ಊರ ಹೊರಗಿನ ರಸ್ತೆ ಸುತ್ತಿ ಬಸ್ ಸ್ಟ್ಯಾಂಡಿಗೆ ಹೋಗುತ್ತಾರೆ.

ಮೇಷ್ಟ್ರೇ, ನೀವು ಮಕ್ಕಳನ್ನು ಆಡಿಸುತ್ತೀರಿ. ಡಿಸ್ಕ್ ನೀರಿಗೆ ಹೋದರೆ ಹೋಯಿತು ಅನ್ನುವುದು ಮೊದಲ ನಿಯಮ ಆಗಬೇಕು. ಪ್ರದಕ್ಷಿಣೆ ನಿಯಮ ಅದಾದ ಮೇಲೆ.

ಮಿನ್ನೆಸೋಟಾದ ತುರುವೇಕೆರೆ | ಭಾನುವಾರ, 8:52

ಅಮ್ಮಾ, ನಿಮ್ಮ ಮಾತು ಸರಿ. ಊರಿನ ಕೆರೆಯನ್ನು ಮರೆತು ಬರೆದೆ, ಕ್ಷಮಿಸಿ. ಆ ಸಾಲನ್ನು ಯಾರೂ ಅನುಸರಿಸಬೇಡಿ.

ಪಿಟಿ ಮೇಷ್ಟ್ರು, ಕ್ಯಾತ್ಸಂದ್ರ | ಭಾನುವಾರ, 9:15

ಅಮ್ಮಾ, ನಮ್ಮ ಗುಂಪಿನಲ್ಲಿ ಬಾಯಿಮಾತಿನಲ್ಲಿ ಹೇಳಿದ್ದೆ, ಆದರೆ ಇಲ್ಲಿ ಬರೆಯದೇ ಹೋದದ್ದು ನನ್ನ ತಪ್ಪು. ಮುಂದಿನ ವಾರದಿಂದ ಹೀಗೆ ಮಾಡುತ್ತೇವೆ: ನೀರಿನ ಅಂಚಿನಿಂದ ಹದಿನೈದು ಹೆಜ್ಜೆ ಈಚೆಗೆ ಸುಣ್ಣದ ಗೆರೆ. ಡಿಸ್ಕ್ ಆ ಗೆರೆ ದಾಟಿದರೆ ಒಣನೆಲದ ಮೇಲೆ ಬಿದ್ದಿದ್ದರೂ ಹೊರಗೆ ಅಂತಲೇ ಲೆಕ್ಕ, ಒಂದು ಎಸೆತ ದಂಡ. ಗೆರೆಯಾಚೆಗೆ ಹೋಗಿ ತರುವವನು ನಾನೊಬ್ಬನೇ, ಅದೂ ಒಣನೆಲದಿಂದ ಮಾತ್ರ. ಇದರಿಂದ ಒಂಬತ್ತರಲ್ಲಿ ಎರಡು ಗುರಿಗಳನ್ನು ತೋಪಿನ ಒಳಕ್ಕೆ ಸರಿಸಬೇಕಾಗುತ್ತದೆ. ಸರಿಸೋಣ.

ಹಳೇ ಆಟಗಾರ | ಸೋಮವಾರ, ಬೆಳಿಗ್ಗೆ 7:05

ಇತಿಹಾಸ ಕೇಳುವವರಿಗೆ ಸ್ವಲ್ಪ. ಪ್ಲಾಸ್ಟಿಕ್ ತಟ್ಟೆಯನ್ನು ರೂಪಿಸಿದ ಫ್ರೆಡ್ ಮಾರಿಸನ್ ಅವರಿಂದ ವ್ಯಾಮ್-ಓ ಕಂಪನಿ ಅದನ್ನು ಪಡೆದು 1957ರಲ್ಲಿ ಮಾರುಕಟ್ಟೆಗೆ ತಂದಿತು. ಫ್ರಿಸ್ಬೀ ಎಂಬ ಹೆಸರು ಬಂದದ್ದು ಕನೆಕ್ಟಿಕಟ್‌ನ ಒಂದು ಬೇಕರಿಯಿಂದ. ಅದರ ಪೈ ತಟ್ಟೆಗಳನ್ನು ಕಾಲೇಜು ಹುಡುಗರು ಎಸೆದಾಡುತ್ತಿದ್ದರು. ಪ್ಲಾಸ್ಟಿಕ್ ತಟ್ಟೆ ಅಲುಗಾಡದೆ ಹಾರುವಂತೆ ಮೇಲ್ಮೈ ಮೇಲೆ ಗೆರೆಗಳನ್ನು ಹಾಕಿ ತಿದ್ದಿದವರು ವ್ಯಾಮ್-ಓ ಕಂಪನಿಯ ಎಡ್ ಹೆಡ್ರಿಕ್. ಡಿಸ್ಕ್ ಗಾಲ್ಫ್‌ಗೆ ಈಗಿನ ರೂಪ ಕೊಟ್ಟವರೂ ಅವರೇ. 1975ರಲ್ಲಿ ಕ್ಯಾಲಿಫೋರ್ನಿಯಾದ ಓಕ್ ಗ್ರೋವ್ ಪಾರ್ಕಿನಲ್ಲಿ ಮೊದಲ ಶಾಶ್ವತ ಮೈದಾನ, 1976ರಲ್ಲಿ ಆಟಗಾರರ ಸಂಘ ಪಿಡಿಜಿಎ, ಆಮೇಲೆ ಸರಪಳಿ ಬುಟ್ಟಿಗೆ ಪೇಟೆಂಟ್.

ಬುಟ್ಟಿ ಬರುವ ಮೊದಲು ಜನ ಮರ, ಕಂಬಗಳಿಗೆ ಗುರಿಯಿಟ್ಟು ಆಡುತ್ತಿದ್ದರು. ಮೇಷ್ಟ್ರು ಹೊಂಗೆ ಮರಕ್ಕೆ ಕೆಂಪು ಬಟ್ಟೆ ಕಟ್ಟಿರುವುದು ಆ ಹಳೇ ಪದ್ಧತಿಯೇ, ಅದರಲ್ಲಿ ಕಡಿಮೆ ಅಂದುಕೊಳ್ಳುವಂಥದ್ದೇನೂ ಇಲ್ಲ. ಸರಪಳಿಯ ಕೆಲಸ ಸದ್ದು ಮಾಡುವುದಷ್ಟೇ ಅಲ್ಲ. ಬರುವ ಡಿಸ್ಕಿನ ವೇಗವನ್ನು ನುಂಗಿ ಅದನ್ನು ಕೆಳಗಿನ ಬುಟ್ಟಿಗೆ ಇಳಿಸುತ್ತದೆ.

ಇನ್ನೊಂದು ದೊಡ್ಡ ತಿರುವು 1983ರದ್ದು. ಡೇವ್ ಡನಿಪೇಸ್ ಡಿಸ್ಕಿನ ಅಂಚನ್ನು ದುಂಡಗೆ ಬಿಡದೆ ಇಳಿಜಾರಾಗಿ ಚೂಪು ಮಾಡಿದರು, ಡಿಸ್ಕ್ ಬಹಳ ದೂರ ಹೋಗತೊಡಗಿತು. ಈಗಿನ ಡಿಸ್ಕ್‌ಗಳೆಲ್ಲ ಆ ದಾರಿಯವೇ. ಹೆಡ್ರಿಕ್ 2002ರಲ್ಲಿ ತೀರಿಕೊಂಡಾಗ ಅವರ ಇಚ್ಛೆಯಂತೆ ಚಿತಾಭಸ್ಮವನ್ನು ಡಿಸ್ಕ್‌ಗಳ ಪ್ಲಾಸ್ಟಿಕ್ಕಿನಲ್ಲಿ ಬೆರೆಸಿದರು. ನಾವು ನದಿಯಲ್ಲಿ ಬಿಡುತ್ತೇವೆ, ಅವರು ಆಟದಲ್ಲಿ ಬಿಟ್ಟರು. ನನಗೆ ಅದು ಮನಸ್ಸಿಗೆ ತಾಗಿದ ವಿಷಯ.

ಗಾಜಿನಮನೆ ರಸ್ತೆ | ಸೋಮವಾರ, 9:30

ಇಷ್ಟೆಲ್ಲ ಹಳ್ಳಿ ಕೆರೆಗೆ ಹೋಗುವುದೇಕೆ? ಅಮಾನಿಕೆರೆ ಪಾರ್ಕಿನಲ್ಲೇ ಮಾಡಬಹುದಲ್ಲ. ಊರಿನ ಮಧ್ಯ ಇದೆ, ಮಕ್ಕಳು ಸೈಕಲ್ಲಿನಲ್ಲೇ ಬರಬಹುದು. ನಾವು ನಾಲ್ಕು ಜನ ಪಾಲಿಕೆಗೆ ಅರ್ಜಿ ಕೊಟ್ಟರೆ ಒಪ್ಪಬಹುದು.

ಬಿ.ಎಚ್. ರಸ್ತೆ ಅಕ್ಕ | ಸೋಮವಾರ, 10:10

ನಾನು ದಿನಾ ಅಲ್ಲಿ ನಡೆಯುವವಳು. ಬೆಳಿಗ್ಗೆ ಆರರಿಂದ ಎಂಟು, ಸಂಜೆ ಐದರಿಂದ ಏಳು, ಹಾದಿಯಲ್ಲಿ ಜನವೋ ಜನ. ಕಿವಿಗೆ ಇಯರ್‌ಫೋನ್ ಹಾಕಿಕೊಂಡವರಿಗೆ ನೀವು ಕೂಗಿದರೂ ಕೇಳಿಸುವುದಿಲ್ಲ. ವಯಸ್ಸಾದವರಿಗೆ ಚಟಕ್ಕನೆ ಬಾಗಲಾಗುವುದಿಲ್ಲ. ನಡೆಯುವ ಹಾದಿಯ ಹತ್ತಿರ ಎಸೆಯುವುದು ಬೇಡ ಅಂತ ನನ್ನ ಅಭಿಪ್ರಾಯ. ಆಟ ನನಗೂ ಬೇಕು, ಆದರೂ.

ಬುಗುರಿ | ಸೋಮವಾರ, 10:40

ಅಕ್ಕನ ಮಾತಿಗೆ ಲೆಕ್ಕದ ಆಧಾರವೂ ಇದೆ. ಅಲ್ಟಿಮೇಟ್ ಫ್ರಿಸ್ಬೀ 175 ಗ್ರಾಂ, ಅಡ್ಡಳತೆ ಸುಮಾರು 27 ಸೆಂಟಿಮೀಟರ್, ಅಂಚು ದುಂಡಗೆ. ಗಾಲ್ಫ್ ಡಿಸ್ಕಿಗೆ ಇರುವ ನಿಯಮ ಒಂದು ಸೆಂಟಿಮೀಟರ್ ಅಡ್ಡಳತೆಗೆ ಗರಿಷ್ಠ 8.3 ಗ್ರಾಂ. ಅಂದರೆ 21 ಸೆಂಟಿಮೀಟರಿನ ಡಿಸ್ಕ್ ಕೂಡ 174 ಗ್ರಾಂ ತೂಗಬಹುದು. ಅಷ್ಟೇ ಭಾರ, ಚಿಕ್ಕ ಮೈ, ಚೂಪು ಅಂಚು, ಹೆಚ್ಚು ವೇಗ. ಪಾರ್ಕಿನ ಹುಲ್ಲಿನ ಮೇಲೆ ಫ್ರಿಸ್ಬೀ ಹಿಡಿದಾಡುವ ಮಕ್ಕಳನ್ನು ನೋಡಿ ಇದೂ ಅದೇ ಅಂದುಕೊಳ್ಳಬಾರದು. ಇದನ್ನು ಯಾರೂ ಕೈಯಲ್ಲಿ ಹಿಡಿಯುವುದಿಲ್ಲ, ಹಿಡಿಯಲೂಬಾರದು.

ಪಿಟಿ ಮೇಷ್ಟ್ರು, ಕ್ಯಾತ್ಸಂದ್ರ | ಸೋಮವಾರ, 1:30

ನಮ್ಮಲ್ಲೇ ಎರಡನೇ ವಾರ ಆದದ್ದನ್ನು ಹೇಳಬೇಕು. ಐದನೇ ಗುರಿಯ ಹತ್ತಿರ ಮೇಕೆ ಕಾಯುವ ಒಬ್ಬ ಹುಡುಗಿ ಮರದ ಮರೆಯಲ್ಲಿ ಕುಳಿತಿದ್ದಳು, ನಮಗೆ ಕಾಣಲಿಲ್ಲ. ನಮ್ಮವನೊಬ್ಬ ಎಸೆದ ಡಿಸ್ಕ್ ಅವಳ ತೋಳಿಗೆ ಸವರಿಕೊಂಡು ಹೋಯಿತು. ಕೆಂಪಗಾಯಿತು, ಅಷ್ಟೇ. ಆದರೆ ನನ್ನ ಎದೆ ಹೊಡೆದುಕೊಂಡಿದ್ದು ಇನ್ನೂ ನೆನಪಿದೆ. ಅವತ್ತೇ ಅವರ ಮನೆಗೆ ಹೋಗಿ ತಂದೆತಾಯಿಗೆ ವಿಷಯ ತಿಳಿಸಿ ಬಂದೆ. ಅಂದಿನಿಂದ ಒಬ್ಬರು ಮುಂದೆ ಹೋಗಿ ಗುರಿಯ ಪಕ್ಕ ನಿಂತು, ಎರಡೂ ಕಡೆ ನೋಡಿ, ಕೈ ಎತ್ತಿದ ಮೇಲೆಯೇ ಎಸೆತ. ಕೈ ಇಳಿದರೆ ಎಸೆತ ಇಲ್ಲ. ದಾರಿಹೋಕರು, ದನಕರು, ಮೇಕೆ, ಯಾರೇ ಬಂದರೂ ಅವರು ದಾಟುವವರೆಗೆ ಕಾಯುತ್ತೇವೆ. ಜಾಗ ಅವರದ್ದು.

ಹಾಗಾಗಿ ಅಮಾನಿಕೆರೆಯಲ್ಲಿ ಪೂರ್ತಿ ಹಾದಿ ಬೇಡ. ಒಪ್ಪಿಗೆ ಸಿಕ್ಕರೆ, ಜನ ಕಡಿಮೆ ಇರುವ ಹೊತ್ತಿನಲ್ಲಿ, ಮೂಲೆಯಲ್ಲಿ ಒಂದೇ ಬುಟ್ಟಿ ಇಟ್ಟು ಹತ್ತು ಮೀಟರ್ ಒಳಗಿಂದ ಪಟ್ಟಿಂಗ್ ಅಭ್ಯಾಸ ಮಾಡಬಹುದು. ಮಕ್ಕಳಿಗೆ ಮೊದಲ ರುಚಿ ಹತ್ತಿಸಲು ಅಷ್ಟು ಸಾಕು.

ಗಾಜಿನಮನೆ ರಸ್ತೆ | ಸೋಮವಾರ, 1:44

ಒಪ್ಪಿದೆ ಮೇಷ್ಟ್ರೇ. ಅರ್ಜಿಯಲ್ಲಿ ಒಂದು ಬುಟ್ಟಿ, ಹತ್ತು ಮೀಟರ್ ಅಂತಲೇ ಬರೆಯುತ್ತೇನೆ.

ಹಕ್ಕಿಕಣ್ಣು, ಶಿರಾ | ಸೋಮವಾರ, ರಾತ್ರಿ 9:20

ಕೆರೆ ಪಕ್ಕ ಅಂದ ಕೂಡಲೇ ನನಗೆ ಹಕ್ಕಿಯ ಚಿಂತೆ. ನಮ್ಮ ತಾಲ್ಲೂಕಿನ ಕಗ್ಗಲಡುವಿನಲ್ಲಿ ಊರ ನಡುವಿನ ಹುಣಸೆ ಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುವುದು ನಿಮಗೆಲ್ಲ ಗೊತ್ತು. ಊರಿನವರು ಅವನ್ನು ಮನೆಮಗಳ ಹಾಗೆ ನೋಡಿಕೊಳ್ಳುತ್ತಾರೆ. ಆ ಹಕ್ಕಿಗಳು ಮೇಯಲು ಸುತ್ತಲ ಕೆರೆಗಳಿಗೇ ಹೋಗಬೇಕು. ಅಂಚಿನ ಕಡಿಮೆ ನೀರಿನಲ್ಲಿ ಕೊಕ್ಕು ಅದ್ದಿ ನಿಧಾನ ನಡೆಯುತ್ತಾ ಮೀನು ಹಿಡಿಯುವ ಹಕ್ಕಿ ಅದು, ಗಲಾಟೆಯಾದರೆ ಎದ್ದು ಹೋಗುತ್ತದೆ. ಕೊಕ್ಕರೆ ಇಳಿದಿರುವ ದಿನ ನೀರಿನ ಕಡೆಯ ಗುರಿಗಳನ್ನು ಬಿಟ್ಟುಬಿಡಿ.

ಅದಕ್ಕಿಂತ ಮುಖ್ಯ, ಟಿಟ್ಟಿಭ. ಅದು ಗೂಡು ಕಟ್ಟುವುದಿಲ್ಲ, ಬಯಲು ನೆಲದಲ್ಲೇ ಕಲ್ಲುಹರಳಿನ ನಡುವೆ ಮೊಟ್ಟೆ ಇಡುತ್ತದೆ, ಬೇಸಿಗೆಯಿಂದ ಮಳೆಗಾಲದ ನಡುವಿನವರೆಗೆ. ಮೊಟ್ಟೆ ಮಣ್ಣಿನ ಬಣ್ಣ, ಕಾಲ ಕೆಳಗಿದ್ದರೂ ಕಾಣುವುದಿಲ್ಲ. ಡಿಸ್ಕ್ ಹುಡುಕುವಾಗ ತಲೆಯ ಮೇಲೆ ಕಿರುಚುತ್ತಾ ಸುತ್ತಿದರೆ ನಿಂತುಬಿಡಿ, ಬಂದ ದಾರಿಯಲ್ಲೇ ಹಿಂದೆ ಹೋಗಿ. ಮೇಷ್ಟ್ರು ಹಾಕುವ ಸುಣ್ಣದ ಗೆರೆ ಮಕ್ಕಳಿಗೆ ಎಷ್ಟು ಒಳ್ಳೆಯದೋ ಟಿಟ್ಟಿಭಕ್ಕೂ ಅಷ್ಟೇ ಒಳ್ಳೆಯದು.

ಎಡಗೈ ಮಗಳ ಅಪ್ಪ | ಮಂಗಳವಾರ, ಬೆಳಿಗ್ಗೆ 8:00

ನನ್ನ ಮಗಳಿಗೆ ಹನ್ನೊಂದು ವರ್ಷ, ಎಡಗೈ. ಬರೆಯುವುದು, ತಿನ್ನುವುದು, ಎಲ್ಲದಕ್ಕೂ ಮನೆಯಲ್ಲಿ ಹಿರಿಯರಿಂದ ಮಾತು ಕೇಳಿಸಿಕೊಂಡು ಬೆಳೆದಿದ್ದಾಳೆ. ಮೇಷ್ಟ್ರ ಪ್ರದಕ್ಷಿಣೆ ನಿಯಮ ಓದಿ, ಹಾಗಾದರೆ ನನ್ನದು ಕೆರೆಗೇ ಹೋಗುತ್ತಾ ಅಪ್ಪಾ ಅಂತ ಕೇಳಿದಳು. ಏನು ಹೇಳಲಿ?

ಬುಗುರಿ | ಮಂಗಳವಾರ, 8:35

ಮಗಳಿಗೆ ಹೇಳಿ: ಬ್ಯಾಕ್‌ಹ್ಯಾಂಡ್ ಎಸೆದರೆ ಹೌದು, ಬಲಕ್ಕೆ, ಕೆರೆ ಕಡೆಗೇ ಜಾರುತ್ತದೆ. ಆದರೆ ಫೋರ್‌ಹ್ಯಾಂಡ್ ಅಂತ ಇನ್ನೊಂದು ಎಸೆತ ಇದೆ. ಚಪ್ಪಟೆ ಕಲ್ಲನ್ನು ನೀರಿನ ಮೇಲೆ ಜಿಗಿಸುತ್ತೇವಲ್ಲ, ಅದೇ ಕೈ. ಎರಡು ಬೆರಳು ಅಂಚಿನ ಒಳಗೆ, ಹೆಬ್ಬೆರಳು ಮೇಲೆ, ಅಂಗೈ ಆಕಾಶಕ್ಕೆ. ಎಡಗೈಯವರು ಫೋರ್‌ಹ್ಯಾಂಡ್ ಎಸೆದಾಗ ಡಿಸ್ಕ್ ತಿರುಗುವ ದಿಕ್ಕು ಬಲಗೈಯವರ ಬ್ಯಾಕ್‌ಹ್ಯಾಂಡಿನದ್ದೇ. ಹಾಗಾಗಿ ಎಡಕ್ಕೆ, ಕೆರೆಯಿಂದ ದೂರ ಜಾರುತ್ತದೆ.

ಇನ್ನೊಂದು ಮಾತು. ಬುಟ್ಟಿಯ ದಾರಿಗೆ ಬಲಗಡೆ ಮರ ಅಡ್ಡ ಇದ್ದರೆ ಬಲಗೈ ಬ್ಯಾಕ್‌ಹ್ಯಾಂಡಿನವರು ತಿಣುಕುತ್ತಾರೆ. ಅಲ್ಲಿ ನಿಮ್ಮ ಮಗಳ ಬ್ಯಾಕ್‌ಹ್ಯಾಂಡ್ ಎಡದಿಂದ ಸುತ್ತಿ ಬಲಕ್ಕೆ ಬಂದು ಬುಟ್ಟಿ ಸೇರುತ್ತದೆ. ಬಲಗೈಯವರು ಆ ತಿರುವಿಗಾಗಿ ಫೋರ್‌ಹ್ಯಾಂಡನ್ನು ಬೇರೆಯಾಗಿ ಕಲಿಯಬೇಕು, ಅವಳಿಗೆ ಅದು ಹುಟ್ಟಿನಿಂದಲೇ ಇದೆ.

ಪಿಟಿ ಮೇಷ್ಟ್ರು, ಕ್ಯಾತ್ಸಂದ್ರ | ಮಂಗಳವಾರ, 9:00

ನಮ್ಮ ತೋಪಿನ ಏಳನೇ ಗುರಿ ಅಂಥದ್ದೇ. ಹುಣಸೆಮರ ಬಲಕ್ಕೆ, ಗುರಿ ಅದರ ಹಿಂದೆ. ಮಗುವನ್ನು ಕರೆದುಕೊಂಡು ಬನ್ನಿ ಸರ್.

ಶಿರಾಗೇಟ್ ಹುಡುಗ | ಮಂಗಳವಾರ, 9:40

ಆಷಾಢ ಬಂದ್ರೆ ಏನ್ ಮಾಡ್ತೀರಾ? ನಮ್ಮ ಕಡೆ ಗಾಳಿಪಟ ಹಾರೋ ಗಾಳಿ ಇದು, ಡಿಸ್ಕ್ ಎಲ್ಲಿಗೋ ಹೋಗಿಬಿಡುತ್ತೆ.

ಪಿಟಿ ಮೇಷ್ಟ್ರು, ಕ್ಯಾತ್ಸಂದ್ರ | ಮಂಗಳವಾರ, 10:25

ಒಳ್ಳೆಯ ಪ್ರಶ್ನೆ. ಎದುರುಗಾಳಿಯಲ್ಲಿ ಡಿಸ್ಕ್ ಮೇಲಕ್ಕೇಳುತ್ತದೆ, ಬಲಕ್ಕೆ ತಿರುಗುವ ಗುಣ ಹೆಚ್ಚುತ್ತದೆ. ಅಂದರೆ ಪ್ರದಕ್ಷಿಣೆ ನಿಯಮವನ್ನೂ ಮೀರಿ ಕೆರೆ ಕಡೆಗೆ ಹೋಗಬಹುದು. ಹಿಂಗಾಳಿಯಲ್ಲಿ ಬೇಗ ಕೆಳಕ್ಕೆ ಕೂರುತ್ತದೆ, ಬೇಗ ಎಡಕ್ಕೆ ಜಾರುತ್ತದೆ. ಗಾಳಿ ಜೋರಿದ್ದಷ್ಟೂ ಎಸೆತ ತಗ್ಗಿನಲ್ಲಿರಲಿ, ಮೂಗು ತಗ್ಗಿರಲಿ, ಬಲ ಕಡಿಮೆ ಇರಲಿ. ಜೋರು ಎಸೆದವರೇ ಕೆಡುವುದು.

ಏರಿಯ ಮೇಲೆ ನಿಂತರೆ ಗಾಳಿ ಗೊತ್ತಾಗುತ್ತದೆ, ತೋಪಿನ ಒಳಗೆ ನಿಂತರೆ ಗೊತ್ತಾಗುವುದಿಲ್ಲ. ಅದಕ್ಕೆ ನಾವು ಎಸೆಯುವ ಮೊದಲು ಒಂದು ಹಿಡಿ ಒಣಹುಲ್ಲು ಮೇಲಿನಿಂದ ಬಿಟ್ಟು ನೋಡುತ್ತೇವೆ, ಕಣದಲ್ಲಿ ರಾಗಿ ತೂರುವಾಗ ನಮ್ಮಪ್ಪ ನೋಡುತ್ತಿದ್ದ ಹಾಗೆ. ಆಷಾಢದಲ್ಲಿ ತೋಪಿನೊಳಗಿನ ಐದು ಗುರಿ ಮಾತ್ರ ಆಡಿ, ಕೆರೆ ಕಡೆಯ ನಾಲ್ಕನ್ನು ಶ್ರಾವಣ ಕಳೆಯುವವರೆಗೆ ಬಿಡುವುದು ಅಂತ ಯೋಚನೆ.

ಎಡಗೈ ಮಗಳ ಅಪ್ಪ | ಭಾನುವಾರ, ಮಧ್ಯಾಹ್ನ 12:15

ಈಗಷ್ಟೇ ಮನೆಗೆ ಬಂದೆವು. ಸುಣ್ಣದ ಗೆರೆ ಹಾಕಿದ್ದರು, ಒಂಬತ್ತು ಕಡೆಯೂ ಕನ್ನಡದ ರಟ್ಟಿನ ಹಲಗೆ ಇತ್ತು. ಬಿ.ಎಚ್. ರಸ್ತೆ ಅಕ್ಕನೂ ಬಂದಿದ್ದರು. ಎಂಟು ಮೀಟರಿನಿಂದ ಸರಪಳಿ ಸದ್ದು ಮಾಡಿಸಿದಾಗ ಅವರು ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ನಿಂತುಬಿಟ್ಟರು. ಮೇಕೆಯ ಹುಡುಗಿ ಇವತ್ತು ನಾಲ್ಕನೇ ಗುರಿಯ ಹತ್ತಿರ ನಿಂತು ಕೈ ಎತ್ತುವ ಕೆಲಸ ಮಾಡಿದಳು, ಆಮೇಲೆ ತಾನೂ ಎರಡು ಸಲ ಎಸೆದಳು.

ಮಗಳ ಲೆಕ್ಕ ಒಟ್ಟು 44, ಗುಂಪಿನಲ್ಲಿ ಕೊನೆಯವಳು. ಕೆರೆ ಕಡೆಯ ಗುರಿಗಳಲ್ಲಿ ಫೋರ್‌ಹ್ಯಾಂಡ್ ಎಸೆದಳು, ಹೆಚ್ಚು ದೂರ ಹೋಗಲಿಲ್ಲ, ಗೆರೆಯನ್ನೂ ದಾಟಲಿಲ್ಲ. ಏಳನೆಯದರಲ್ಲಿ ಎಡಗೈ ಬ್ಯಾಕ್‌ಹ್ಯಾಂಡ್ ಎಸೆದಳು. ಡಿಸ್ಕ್ ಹುಣಸೆಮರದ ಎಡಕ್ಕೆ ಹೋಗಿ, ಹಿಂದೆ ಸುತ್ತಿ, ಬಟ್ಟೆ ಕಟ್ಟಿದ ಹೊಂಗೆಗೆ ನಾಲ್ಕು ಹೆಜ್ಜೆ ದೂರದಲ್ಲಿ ಬಿತ್ತು. ಉಳಿದ ಏಳು ಜನರಲ್ಲಿ ಯಾರದ್ದೂ ಅಷ್ಟು ಹತ್ತಿರ ಬಿದ್ದಿರಲಿಲ್ಲ. ಎರಡನೇ ಎಸೆತಕ್ಕೆ ತಾಗಿಸಿದಳು. ಬರುವಾಗ ಬಸ್ಸಿನಲ್ಲಿ ಆ ಡಿಸ್ಕನ್ನು ಮಡಿಲಲ್ಲೇ ಇಟ್ಟುಕೊಂಡಿದ್ದಳು, ಎಡಗೈಯಲ್ಲಿ ಹಿಡಿದು.

ಪಿಟಿ ಮೇಷ್ಟ್ರು, ಕ್ಯಾತ್ಸಂದ್ರ | ಭಾನುವಾರ, 12:40

ಅದು ಅವಳ ಹತ್ತಿರವೇ ಇರಲಿ ಸರ್. ಮುಂದಿನ ಭಾನುವಾರ ಆರೂವರೆಗೆ ತೂಬಿನ ಹತ್ತಿರ ಸೇರೋಣ, ಅಕ್ಕ ಚಿತ್ರಾನ್ನ ತರುತ್ತಾರಂತೆ.